ಕೈ ಇಲ್ಲಿತ್ತು, ವೋಟು ಊರಿನಲ್ಲಿತ್ತು

ಅವರ ಎರಡೂ ಮುಂಗೈಗಳ ಮೇಲೆ ಒಗ್ಗರಣೆಯ ಸಾಸಿವೆ ಸಿಡಿದು ಅಂಟಿಕೊಂಡಂತೆ ಸಣ್ಣ ಸಣ್ಣ ಕಪ್ಪು ಕಲೆಗಳಿದ್ದವು. ಲೇತ್ ಮಷೀನಿನಲ್ಲಿ ಕಬ್ಬಿಣ ತಿರುಗುವಾಗ ಹಾರುವ ಕಾದ ಚೂರುಗಳು ಕೂತು ಸುಟ್ಟ ಗುರುತುಗಳು. ಫರೀದಾಬಾದಿನ ಯಾವ ಕಾರ್ಖಾನೆಯ ಗೇಟಿಗೆ ಹೋದರೂ ಅವರು ಮೊದಲು ಅಂಗಿಯ ತೋಳು ಮಡಿಸಿ ಚಹದಂಗಡಿಯ ಹಲಗೆಯ ಮೇಲೆ ಕೈ ಇಡುತ್ತಿದ್ದರು. ಎದುರಿಗೆ ಕೂತವನೂ ಲೇತ್ ಕೆಲಸದವನಾದರೆ ತನ್ನ ಕೈಯನ್ನು ಪಕ್ಕದಲ್ಲಿ ಇಡುತ್ತಿದ್ದ. ಪರಿಚಯ ಅಷ್ಟರಲ್ಲೇ ಮುಗಿಯುತ್ತಿತ್ತು. ಇಷ್ಟು ಬರೆದ ಮೇಲೆ ಅನುಮಾನ ಬರುತ್ತಿದೆ. ಎಲ್ಲ ಗೇಟಿನಲ್ಲೂ ಹೀಗೆ ಆಗುತ್ತಿತ್ತೋ, ಒಮ್ಮೆ ಆದದ್ದನ್ನು ನಾನೇ ಅವರ ರೂಢಿ ಮಾಡಿಬಿಟ್ಟಿದ್ದೇನೋ? ಆ ವರ್ಷಗಳ ಡೈರಿಗಳನ್ನು ತೆಗೆದು ನೋಡಿದೆ. ಒಂದೇ ಸಲ ಇದೆ.

ಎಲ್ಲರೂ ಅವರನ್ನು ಪ್ರಧಾನ್‌ಜೀ ಎನ್ನುತ್ತಿದ್ದರು. ಹರಿಯಾಣದಲ್ಲಿ ಯೂನಿಯನ್ನಿನ ಅಧ್ಯಕ್ಷನನ್ನು ಹಾಗೆ ಕರೆಯುವುದು. ಅವರು ಕುಂದಾಪುರದ ಕಡೆಯವರು. ಬಂಧುವೊಬ್ಬರ ಹೋಟೆಲಿನಲ್ಲಿ ದೋಸೆ ಹುಯ್ಯಲು ದೆಹಲಿಗೆ ಬಂದು, ಎರಡು ವರ್ಷಕ್ಕೆ ಅದು ಸಾಕಾಗಿ, ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ ಸೇರಿ ಲೇತ್ ನಡೆಸುವ ಟರ್ನರ್ ಆಗಿದ್ದರು. ಅವರ ಹಿಂದಿಯಲ್ಲಿ ಮಷೀನೂ ಗಂಡು, ಹೆಂಡತಿಯೂ ಗಂಡು. ಭಾಷಣದ ನಡುವೆ ಜನ ನಗುತ್ತಿದ್ದರು, ಅವರೂ ನಿಂತು ಜೊತೆಗೆ ನಕ್ಕು ಮುಂದುವರಿಸುತ್ತಿದ್ದರು.

ನಾನು ಅವರನ್ನು ಕಂಡದ್ದು ಎಂ.ಎ. ಓದುವಾಗ. ಕಾರ್ಮಿಕರ ವಲಸೆಯ ಬಗ್ಗೆ ಒಂದು ಪ್ರಬಂಧ ಬರೆಯಬೇಕಿತ್ತು. ಅಪ್ಪನ ದೆಹಲಿಯ ಸರಕಾರಿ ಕ್ವಾರ್ಟರ್ಸಿನಿಂದ ಹೊರಟು, ನಿಜಾಮುದ್ದೀನಿನಲ್ಲಿ ರೈಲು ಹಿಡಿದು, ಫರೀದಾಬಾದಿನ ಚಹದಂಗಡಿಗಳಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದೆ. ಒಂದು ದಿನ ಬೆನ್ನ ಹಿಂದಿನಿಂದ ಕನ್ನಡ ಕೇಳಿಸಿತು.

“ಕನ್ನಡದಲ್ಲಿ ಬರ್ಕೊಳ್ತಿದ್ದೀರಲ್ಲ. ಒಳ್ಳೇದಾಯ್ತು. ಸಿಕ್ಕಿಬಿದ್ರೂ ಪೊಲೀಸರಿಗೆ ಓದ್ಲಿಕ್ಕೆ ಆಗ್ಲಿಕ್ಕಿಲ್ಲ.”

ಅಂದಿನಿಂದ ನನ್ನನ್ನು ‘ಎಂ.ಎ.’ ಎಂದೇ ಕರೆದರು. ಪ್ರಬಂಧ ಮುಗಿದರೂ ನಾನು ಹೋಗುವುದು ನಿಲ್ಲಲಿಲ್ಲ. ಅವರ ಕರಪತ್ರಗಳನ್ನು ಬರೆದುಕೊಡುತ್ತಿದ್ದೆ. ಅವರು ಓದಿಸಿ ಕೇಳಿ, ಉದ್ದನೆಯ ಪದ ಬಂದಲ್ಲೆಲ್ಲ ಕೈ ಎತ್ತಿ ನಿಲ್ಲಿಸುತ್ತಿದ್ದರು. “ಇದು ಯಾರಿಗೆ? ನಿಮ್ಮ ಪ್ರೊಫೆಸರಿಗಾ, ನಮ್ಮ ವೆಲ್ಡರಿಗಾ?”

ಆ ವೆಲ್ಡರ್ ಗೋರಖಪುರದ ಕಡೆಯವನು, ಎತ್ತರದ ಆಸಾಮಿ, ಸಮಿತಿಯಲ್ಲಿ ಎಲ್ಲದಕ್ಕೂ ಅಡ್ಡಮಾತು ಹಾಕುವವನು. ಪ್ರಧಾನ್‌ಜೀಗೆ ಅವನೆಂದರೆ ಪ್ರೀತಿ. ಅವನಿಗಾಗಿಯೇ ಮಾಡಿದಂತಿದ್ದ ನಿಯಮ ಆ ಯೂನಿಯನ್ನಿನಲ್ಲಿ ಒಂದಿತ್ತು. ನಾನು ಬೇರೆಲ್ಲೂ ಅಂಥದನ್ನು ಕಂಡಿಲ್ಲ. ಯಾವುದೇ ವಿಷಯಕ್ಕೆ ವಾದ ನಡೆದು ಕೈ ಎತ್ತಿಸಿದ ಮೇಲೆ, ಸೋತ ಪಕ್ಷದಲ್ಲಿ ಎಲ್ಲರಿಗಿಂತ ಜೋರಾಗಿ ಮಾತಾಡಿದವನಿಗೇ ಆ ತೀರ್ಮಾನವನ್ನು ನಡೆಸುವ ಕೆಲಸ. ಮುಷ್ಕರ ಬೇಡ ಎಂದು ಒಮ್ಮೆ ಅರ್ಧ ಗಂಟೆ ವಾದಿಸಿದ ವೆಲ್ಡರನೇ ಮುಷ್ಕರದ ಮೊದಲ ದಿನ ಗೇಟಿನ ಮುಂದೆ ಬಾವುಟ ಹಿಡಿದು ನಿಲ್ಲಬೇಕಾಯಿತು.

“ಗೆದ್ದವನು ಹೇಗೂ ಮಾಡ್ತಾನೆ,” ಎಂದು ಪ್ರಧಾನ್‌ಜೀ ನನಗೆ ವಿವರಿಸಿದ್ದರು. “ಸೋತವನು ಮನೆಗೆ ಹೋಗಿ ಮುಸುಕು ಹಾಕ್ಕೊಂಡು ಮಲಗಿದ್ರೆ ಯೂನಿಯನ್ ಎರಡಾಗ್ತದೆ. ಕೆಲಸ ಕೈಯಲ್ಲಿದ್ರೆ ಮುನಿಸಿಗೆ ಪುರುಸೊತ್ತು ಎಲ್ಲಿ?”

ತುರ್ತು ಪರಿಸ್ಥಿತಿಯ ಎರಡನೆಯ ವರ್ಷ ಗೇಟಿನಲ್ಲಿ ಗುಂಪು ಸೇರಿಸಿದರೆಂದು ಹನ್ನೊಂದು ಜನರನ್ನು ಕೆಲಸದಿಂದ ತೆಗೆದರು. ಪ್ರಧಾನ್‌ಜೀ ಮೊದಲನೆಯವರು, ವೆಲ್ಡರ್ ಮೂರನೆಯವನೋ ನಾಲ್ಕನೆಯವನೋ. ಎಪ್ಪತ್ತೇಳರ ವಸಂತದಲ್ಲಿ ದೆಹಲಿಯ ಸರಕಾರ ಬದಲಾಗಿ ಜನ ಮತ್ತೆ ಬಾಯಿ ಬಿಡುವಂತಾದಾಗ, ಆ ಹನ್ನೊಂದು ಜನ ಮರಳಿ ಒಳಗೆ ಹೋಗಬೇಕೆಂಬುದೊಂದೇ ಯೂನಿಯನ್ನಿನ ಬೇಡಿಕೆಯಾಯಿತು. ಪ್ರತಿ ಪಾಳಿ ಬಿಟ್ಟಾಗ ಗೇಟಿನಲ್ಲಿ ಸಭೆ. ಮೂರು ವಾರಕ್ಕೆ ಮ್ಯಾನೇಜರು ಮಾತುಕತೆಗೆ ಕರೆದರು. ನಾಲ್ಕು ಜನರನ್ನು ಈಗ ತೆಗೆದುಕೊಳ್ಳುತ್ತೇವೆ, ಉಳಿದವರ ಮಾತು ಆಮೇಲೆ ಎಂದರು. ಪ್ರಧಾನ್‌ಜೀ ಖುಷಿಯಾಗಿದ್ದರು. “ಕಬ್ಬಿಣ ಬಿಸಿಯಾಗಿದೆ, ಎಂ.ಎ. ಇನ್ನೊಂದು ತಿಂಗಳು ಗೇಟು ಬಿಡಬಾರದು.”

ಅಷ್ಟರಲ್ಲಿ ರಾಜ್ಯದ ವಿಧಾನಸಭೆಗೆ ಚುನಾವಣೆ ಬಂತು. ನಮ್ಮವರೇ ಒಬ್ಬರು ನಿಲ್ಲಬೇಕೆಂಬ ಮಾತು ಎಲ್ಲಿಂದ ಹುಟ್ಟಿತೆಂದು ನನಗೆ ಖಚಿತವಿಲ್ಲ. ವೆಲ್ಡರನಿಂದ ಎಂದು ಬಹಳ ಕಾಲ ನಂಬಿದ್ದೆ. ಡೈರಿಯ ಒಂದು ಪುಟದಲ್ಲಿ, ಸಭೆಗೆ ಒಂದು ವಾರ ಮೊದಲೇ, ನನ್ನದೇ ಅಕ್ಷರದಲ್ಲಿ ‘ಯಾಕೆ ನಿಲ್ಲಬಾರದು?’ ಎಂದಿದೆ.

ಸಭೆ ಒಂದು ಭಾನುವಾರ ಬೆಳಿಗ್ಗೆ, ರೈಲುಹಳಿಯ ಆಚೆ, ಕೀಕರ್ ಎಂಬ ಜಾಲಿಮರಗಳ ಕೆಳಗೆ ನಡೆಯಿತು. ಬಿಸಿಗಾಳಿ ಆಗಲೇ ಶುರುವಾಗಿತ್ತು. ಜನ ತಲೆಗೆ ಒದ್ದೆ ಟವೆಲು ಸುತ್ತಿಕೊಂಡಿದ್ದರು. ಪ್ರಧಾನ್‌ಜೀ ಬೇಡವೆಂದರು. ವೆಲ್ಡರ್ ಬೇಕೆಂದ. “ಎಷ್ಟು ದಿನ ಗೇಟಿನ ಹೊರಗೆ ನಿಂತು ಕೂಗೋದು, ಪ್ರಧಾನ್‌ಜೀ? ಒಮ್ಮೆ ಚಂಡೀಗಢದ ಕುರ್ಚಿ ಮೇಲೆ ಕೂತು ಕೂಗಿ. ಮ್ಯಾನೇಜರೇ ಚಹ ತಂದುಕೊಡ್ತಾನೆ.”

ಆಮೇಲೆ ನನ್ನನ್ನು ಮಾತಾಡಲು ಕರೆದರು. ನಾನು ಕಾರ್ಮಿಕನಲ್ಲ; ಬೇಡವೆನ್ನಬಹುದಿತ್ತು. ಎದ್ದುನಿಂತೆ. ಗೇಟು ಮಾಲೀಕನದು, ಕಾನೂನು ಜನರದು ಎಂದೆ. ಈ ರಸ್ತೆಯ ಎಲ್ಲ ಕಾರ್ಖಾನೆಗಳ ಮೂರೂ ಪಾಳಿಯ ಜನ ಒಟ್ಟಾದರೆ ಈ ಕ್ಷೇತ್ರವನ್ನು ಯಾರೂ ತಡೆಯಲಾರರು ಎಂದೆ. ಚಪ್ಪಾಳೆ ಬಿತ್ತು. ಅದರ ಸುಖ ಇವತ್ತಿಗೂ ಮೈಯಲ್ಲಿದೆ. ಅದನ್ನು ಮರೆತಿದ್ದೇನೆ ಎಂದರೆ ಸುಳ್ಳಾಗುತ್ತದೆ.

ಪ್ರಧಾನ್‌ಜೀ ಅದಕ್ಕೆ ಏನೆಂದರು? ಅವರು ಕೂತಲ್ಲಿಂದಲೇ “ವೋಟರ್ ಲಿಸ್ಟಿನಲ್ಲಿ ಯಾರ ಹೆಸರಿದೆ ಅಂತ ಯಾರಾದ್ರೂ ನೋಡಿದ್ದೀರಾ?” ಎಂದು ಕೇಳಿದಂತೆ ನನಗೆ ನೆನಪು. ದನಿ ಕೂಡ ಕೇಳಿಸುತ್ತದೆ. ಆದರೆ ಆ ದಿನದ ಡೈರಿಯಲ್ಲಿ ನನ್ನ ಭಾಷಣ ಎರಡು ಪುಟ ಇದೆ. ಅವರದು ಒಂದು ಸಾಲು: ‘ಪ್ರಧಾನ್‌ಜೀ ವಿರೋಧಿಸಿದರು.’ ಮುಂದೆ ಆದದ್ದನ್ನೆಲ್ಲ ಕಂಡ ಮೇಲೆ, ಆ ಪ್ರಶ್ನೆಯನ್ನು ಅವರ ಬಾಯಲ್ಲಿ ನಾನೇ ಇಟ್ಟಿರಬಹುದು. ಅವರು ಕೇಳಿದ್ದರೆ ನಾನು ಕೇಳಿಸಿಕೊಳ್ಳಲಿಲ್ಲ. ಕೇಳದಿದ್ದರೆ, ನನಗೂ ಹೊಳೆಯಲಿಲ್ಲ. ಎರಡರಲ್ಲಿ ಯಾವುದು ಮೇಲೆಂದು ನಿರ್ಧರಿಸಲು ನನಗೆ ಆಗಿಲ್ಲ.

ಕೈ ಎತ್ತಿಸಿದರು. ಎಣಿಸಬೇಕಾಗಲಿಲ್ಲ. ಪ್ರಧಾನ್‌ಜೀ ಕಡೆ ಮೂರೋ ನಾಲ್ಕೋ ಹಳಬರು.

ಎಲ್ಲರಿಗೂ ಒಂದೇ ವಿಷಯ ಹೊಳೆಯುತ್ತಿತ್ತು. ಕೊನೆಗೆ ವೆಲ್ಡರ್ ಹಲ್ಲು ಬಿಟ್ಟ. “ಪ್ರಧಾನ್‌ಜೀ, ಕಾಯ್ದಾ ತೋ ಆಪ್ ಕಾ ಹೀ ಹೈ.” ನಿಯಮ ನಿಮ್ಮದೇ ಅಲ್ಲವೇ?

ಅವರು ಟವೆಲು ಬಿಚ್ಚಿ ಮುಖ ಒರೆಸಿಕೊಂಡರು. “ಠೀಕ್ ಹೈ,” ಎಂದರು. “ಫಾರ್ಮ್ ತಗೊಂಡು ಬನ್ನಿ.”

ಸೋತ ವಾದದ ಕೆಲಸವನ್ನು ಅವರಷ್ಟು ಶ್ರದ್ಧೆಯಿಂದ ಮಾಡಿದವರನ್ನು ನಾನು ನೋಡಿಲ್ಲ. ಬೆಳಿಗ್ಗೆ ಐದಕ್ಕೆ ಸೈಕಲ್ ಹತ್ತಿದರೆ ಒಂದೊಂದು ಹಳ್ಳಿ, ಗುಡಿಸಲುಗಳ ಒಂದೊಂದು ಜುಗ್ಗಿ ಬಸ್ತಿ. ನಾನು ಹಿಂದಿನ ಸೈಕಲ್ಲಿನಲ್ಲಿ. ‘ನಾನು ಮೊದಲೇ ಹೇಳಿದ್ದೆ’ ಎಂಬ ಮಾತು ಅವರ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಒಂದು ಹಳ್ಳಿಯ ಕಟ್ಟೆಯಲ್ಲಿ ಹುಕ್ಕಾ ಸೇದುತ್ತ ಕೂತಿದ್ದ ಮುದುಕರೊಬ್ಬರು ಅವರನ್ನು ಮೇಲಿಂದ ಕೆಳಗೆ ನೋಡಿ, “ಕೌನ್ ಬಿರಾದರೀ?” ಎಂದರು.

“ಟರ್ನರ್, ದೊಡ್ಡಪ್ಪಾ.”

“ಅದು ನೀನು ಮಾಡೋ ಕೆಲಸ. ನಾನು ಕೇಳಿದ್ದು ಜಾತಿ.”

“ಇಲ್ಲಿಂದ ಬಹಳ ದೂರದ್ದು. ಹೇಳಿದ್ರೂ ನಿಮಗೆ ಗೊತ್ತಾಗ್ಲಿಕ್ಕಿಲ್ಲ.”

ಮುದುಕರು ನಕ್ಕು ಲೋಟದ ತುಂಬ ಲಸ್ಸಿ ಕೊಡಿಸಿದರು. “ಬಿಸಿಲಲ್ಲಿ ಬಂದಿದ್ದೀಯ, ಕುಡಿ. ವೋಟು ಮಾತ್ರ ಕೇಳಬೇಡ. ಅದು ಮನೆಯವರಿಗೆ.”

ಹೊರಗೆ ಬಂದ ಮೇಲೆ ಪ್ರಧಾನ್‌ಜೀ ಮೀಸೆಯ ಬೆಣ್ಣೆ ಒರೆಸುತ್ತ, “ಲಸ್ಸಿ ಫಸ್ಟ್‌ಕ್ಲಾಸ್ ಮಾರಾಯ,” ಎಂದರು.

ಮತದಾರರ ಪಟ್ಟಿ ಕೈಗೆ ಬಂದದ್ದು ಎರಡನೆಯ ವಾರ. ಓದುಬರಹದ ಕೆಲಸ ನನ್ನದಲ್ಲವೇ. ಯೂನಿಯನ್ನಿನ ಕೋಣೆಯಲ್ಲಿ ಕೂತು ನಮ್ಮ ಸದಸ್ಯರ ಹೆಸರುಗಳನ್ನು ಅದರೊಂದಿಗೆ ಹೋಲಿಸತೊಡಗಿದೆ. ಹಳ್ಳಿಗಳಿದ್ದವು, ಹೊಸ ಸೆಕ್ಟರುಗಳ ಮನೆಗಳಿದ್ದವು. ಜುಗ್ಗಿಗಳು ಬರಬೇಕಾದಲ್ಲಿ ಪುಟ ಮುಗಿದು ಬೇರೆ ಊರು ಶುರುವಾಗುತ್ತಿತ್ತು. ಹತ್ತು ಹೆಸರು ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಪ್ರಧಾನ್‌ಜೀ ಹೆಸರಿತ್ತು, ಅವರು ಯಾವಾಗಲೋ ಹಟ ಹಿಡಿದು ಬರೆಸಿದ್ದರು. ವೆಲ್ಡರನದು ಇರಲಿಲ್ಲ. ಅವನನ್ನೇ ಕರೆದು ಕೇಳಿದೆ.

“ನನ್ನ ವೋಟು ಊರಿನಲ್ಲಿದೆಯಲ್ಲ ಬಾಬು,” ಎಂದ. “ನಮ್ಮ ಕಡೆಯವರದೆಲ್ಲ ಊರಿನಲ್ಲೇ. ಅಪ್ಪನ ಹೆಸರಿನ ಕೆಳಗೆ.”

“ಮತ್ತೆ ಅವತ್ತು ಸಭೆಯಲ್ಲಿ ಕೈ ಯಾಕೆ ಎತ್ತಿದೆ?”

ಅವನು ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದ. “ಹಾಥ್ ತೋ ಯಹೀಂ ಥಾ ನ.” ಕೈ ಇಲ್ಲೇ ಇತ್ತಲ್ಲ.

ಗೇಟಿನಲ್ಲಿ ಏಳುವ ಕೈಯೂ ಪೆಟ್ಟಿಗೆಗೆ ಬೀಳುವ ವೋಟೂ ಒಂದೇ ಎಂದುಕೊಂಡ ತಪ್ಪನ್ನು ಅವನು ಮಾಡಿದ್ದು ಸಹಜ. ಅವನ ಬದುಕೇ ಹಾಗೆ ಎರಡು ಕಡೆ ಹಂಚಿಹೋಗಿತ್ತು. ಕಾರ್ಮಿಕರ ವಲಸೆಯ ಬಗ್ಗೆಯೇ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದಿದ್ದ ನಾನು ಅದೇ ತಪ್ಪು ಮಾಡಿದ್ದೆ.

ಪ್ರಧಾನ್‌ಜೀಗೆ ಹೇಳಿದೆ. ಅವರು ಪಟ್ಟಿಯ ಪುಟಗಳನ್ನು ಸುಮ್ಮನೆ ತಿರುವಿ ಕೆಳಗಿಟ್ಟರು. “ಇದನ್ನು ಹುಡುಗರಿಗೆ ಹೇಳ್ಬೇಡಿ. ಇನ್ನೂ ಹತ್ತು ದಿನ ಸೈಕಲ್ ತುಳೀಬೇಕು.” ಆಮೇಲೆ, “ಗೇಟಿನಲ್ಲಿ ಈಗ ಯಾರಿದ್ದಾರೆ?” ಎಂದು ಕೇಳಿದರು.

ಗೇಟಿನಲ್ಲಿ ಯಾರೂ ಇರಲಿಲ್ಲ. ಎಲ್ಲರೂ ಪ್ರಚಾರದಲ್ಲಿದ್ದರು. ಒಂದಿಷ್ಟು ಜನ ನಮ್ಮದರಲ್ಲಿ, ಉಳಿದವರು ತಂತಮ್ಮ ಬಿರಾದರಿಯ ಅಭ್ಯರ್ಥಿಗಳ ಜೊತೆ. ಮತದಾನಕ್ಕೆ ಎರಡು ದಿನವಿರುವಾಗ ಮ್ಯಾನೇಜರು ಹೂಮಾಲೆ ಹಾಕಿಸಿಕೊಂಡು, ಹೊಸ ಯೂನಿಯನ್ ಒಂದರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಅದರಲ್ಲಿ ಕ್ಯಾಂಟೀನಿನ ವಿಷಯವಿತ್ತು, ಸಮವಸ್ತ್ರದ ವಿಷಯವಿತ್ತು. ಹನ್ನೊಂದು ಜನರ ಸುದ್ದಿ ಇರಲಿಲ್ಲ. ಮೊದಲು ಒಪ್ಪಿದ್ದ ನಾಲ್ಕು ಜನರದೂ ಇಲ್ಲ.

ಪ್ರಧಾನ್‌ಜೀಗೆ ಬಂದ ವೋಟು, ನಮ್ಮ ಗೇಟಿನಲ್ಲಿ ಒಂದು ಪಾಳಿ ಬಿಟ್ಟಾಗ ಹೊರಬರುವ ಜನರಿಗಿಂತ ಕಡಿಮೆ.

ಅವರು ಕರೋಲ್‌ಬಾಗಿನ ಬಂಧುವಿನ ಹೋಟೆಲಿಗೇ ಮರಳಿದರು. ಬೆಳಿಗ್ಗೆ ಹಿಟ್ಟು ರುಬ್ಬಿ, ಮಧ್ಯಾಹ್ನ ಹನ್ನೊಂದು ಜನರ ಪರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗುತ್ತಿದ್ದರು. ವಕೀಲರಿರಲಿಲ್ಲ, ತಾವೇ ವಾದಿಸುತ್ತಿದ್ದರು. ಅವರು ಮಲಗುತ್ತಿದ್ದ ಹೋಟೆಲಿನ ಅಟ್ಟಕ್ಕೆ ವಿಳಾಸವಿಲ್ಲದ್ದರಿಂದ ನೋಟಿಸುಗಳಿಗೆ ನಮ್ಮ ಕ್ವಾರ್ಟರ್ಸಿನ ವಿಳಾಸ ಕೊಟ್ಟಿದ್ದರು. ಕೇಸು ತಾರೀಕಿನಿಂದ ತಾರೀಕಿಗೆ ಹೋಗುತ್ತಿತ್ತು. ಅಷ್ಟರಲ್ಲಿ ನನಗೆ ಕೇಂದ್ರ ಸರಕಾರದ ಕೆಲಸ ಸಿಕ್ಕಿತು. ಫರೀದಾಬಾದಿಗೆ ಹೋಗುವುದು ಕಡಿಮೆಯಾಯಿತು. ಕೆಲಸದ ಒತ್ತಡ ಎಂದು ಡೈರಿ ಹೇಳುತ್ತದೆ. ಅದನ್ನು ನಾನು ನಂಬುವುದಿಲ್ಲ.

ಒಮ್ಮೆ ಹೋಟೆಲಿನ ಹಿತ್ತಲಲ್ಲಿ, ಅವರು ಕೆಮ್ಮುತ್ತ ಅಕ್ಕಿ ತೊಳೆಯುತ್ತಿರುವಾಗ, ಇದನ್ನೆಲ್ಲ ಬರೆಯುತ್ತೇನೆ ಎಂದೆ.

“ಬರೀರಿ. ನಾನು ಸರಿ ಹೇಳಿದ್ದೆ ಅಂತ ಮಾತ್ರ ಬರೀಬೇಡಿ.”

“ಸರಿಯೇ ಅಲ್ಲವೇ?”

“ಎಲೆಕ್ಷನ್ನಿಗೆ ನಿಲ್ಲದೆ ಗೇಟಿನಲ್ಲೇ ಕೂತು ಸೋತಿದ್ರೆ? ಆಗ ವೆಲ್ಡರ್ ಹೇಳಿದ್ದೇ ಸರಿ ಅಂತ ಬರೀತಿದ್ರಿ. ಬೇಡ. ಹನ್ನೊಂದು ಜನ ಹೊರಗಿದ್ದಾರೆ. ಅಷ್ಟು ಬರೀರಿ.”

ಎಪ್ಪತ್ತೊಂಬತ್ತರ ಜನವರಿಯಲ್ಲಿ ಅವರು ಸರಕಾರಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಶ್ವಾಸಕೋಶ ಎಂದರು. ಊರಿನಿಂದ ಹೆಂಡತಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಫೆಬ್ರವರಿಯಲ್ಲಿ ನಮ್ಮ ಮನೆಗೆ ಅವರ ಹೆಸರಿನ ನೋಟಿಸು ಬಂತು. ಅರ್ಧ ದಿನ ರಜೆ ಹಾಕಿ ನ್ಯಾಯಾಲಯಕ್ಕೆ ಹೋದೆ. ಉಳಿದ ಹತ್ತು ಜನರಲ್ಲಿ ಎಂಟು ಜನ ಬಂದಿದ್ದರು. ಜವಾನ ಬಾಗಿಲಲ್ಲಿ ನಿಂತು ಪ್ರಧಾನ್‌ಜೀಯ ಪೂರ್ತಿ ಹೆಸರನ್ನು, ತಂದೆಯ ಹೆಸರು ಸೇರಿಸಿ, ಮೂರು ಸಲ ಕೂಗಿದ. ನಾನು ಎದ್ದು, ಅವರು ತೀರಿಕೊಂಡಿದ್ದಾರೆ ಎಂದೆ.

“ನೀವು?” ಎಂದು ಪೀಠದಲ್ಲಿದ್ದ ಅಧಿಕಾರಿ ಕೇಳಿದರು.

“ಪರಿಚಯದವನು.”

“ಇವರ ಪರವಾಗಿ ಇನ್ನು ಯಾರು ಮಾತಾಡುತ್ತಾರೆ?”

ಎಂಟೂ ಜನ ನನ್ನತ್ತ ತಿರುಗಿದರು. ವೆಲ್ಡರ್ ನನ್ನ ತೋಳು ಮುಟ್ಟಿದ. “ಬೋಲೋ ಬಾಬು. ನೀವು ಚೆನ್ನಾಗಿ ಮಾತಾಡ್ತೀರಿ.” ಅದರಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಸರಕಾರಿ ನೌಕರ, ಮಾತಾಡುವಂತಿಲ್ಲ ಎಂದು ಅವನ ಕಿವಿಯಲ್ಲಿ ಹೇಳಿ ಕೂತುಕೊಂಡೆ. ಅವನು ಮುಂದೆ ನಡೆದು ಕಟಕಟೆ ಹಿಡಿದುಕೊಂಡ.

“ಹುಜೂರ್, ನಾವು ಹನ್ನೊಂದು ಜನ,” ಎಂದು ಶುರುಮಾಡಿದ.

“ಹತ್ತು,” ಎಂದರು ಅಧಿಕಾರಿ.

“ಹನ್ನೊಂದು, ಹುಜೂರ್.” ಅಲ್ಲಿಗೆ ಅವನ ಮಾತು ನಿಂತುಹೋಯಿತು. ಮುಂದೇನು ಹೇಳಬೇಕೆಂದು ಅವನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೂರನೆಯ ಬೆಂಚಿನಲ್ಲಿ, ಗೋಡೆಯ ಪಕ್ಕ ಕೂತು, ಅಧಿಕಾರಿ ಮುಂದಿನ ತಾರೀಕು ಬರೆಯುವುದನ್ನು ನೋಡುತ್ತಿದ್ದೆ.