ಕೆಂಪು ಕೋಟಿನ ವರ್ನಾ

ಜಿಂಕೆಗೆ ಕೆಂಪು ಬಣ್ಣ ಕಾಣುತ್ತದೋ ಇಲ್ಲವೋ ಅನ್ನುವ ಒಂದೇ ಮಾತಿಗೆ ಹಾಕನ್‌ಬೆರಿ ಅಣ್ಣತಮ್ಮಂದಿರು ಜೀವಮಾನವಿಡೀ ಕಚ್ಚಾಡಿದರು. ಅಪ್ಪನ ಜಮೀನು ಹಂಚಿಕೊಳ್ಳುವಾಗ ಒಂದು ಗಟ್ಟಿ ಮಾತು ಬರಲಿಲ್ಲ. ಜಿಂಕೆಯ ಕಣ್ಣಿನ ವಿಷಯ ಬಂತೋ, ಇಬ್ಬರಿಗೂ ಮೈಮೇಲೆ ಬಂದ ಹಾಗೆ ಆಗುತ್ತಿತ್ತು.

ಅಣ್ಣ ಕ್ಲೇರ್ ಮರ ಕೊಯ್ಯುವ ಮಿಲ್ಲಿನಲ್ಲಿದ್ದವನು. ಬೇಟೆಗೆ ಹೊರಟರೆ ಅವನ ಮೈಮೇಲೆ ಒಂದೇ ಒಂದು ಕೋಟು, ಕೆಂಪು-ಕಪ್ಪು ಚೌಕಳಿಯ ದಪ್ಪ ಉಣ್ಣೆಯದು. ಪೆನ್ಸಿಲ್ವೇನಿಯದ ಆ ಉತ್ತರದ ಗುಡ್ಡಗಳಲ್ಲಿ ಅವನ ಅಪ್ಪ, ಅಜ್ಜ ಎಲ್ಲ ಹಾಕಿದ್ದು ಅದನ್ನೇ. ತಮ್ಮ ಡಾರ್ಸಿ ಟ್ರ್ಯಾಕ್ಟರ್ ರಿಪೇರಿಯವನು. ಅವನಿಗೆ ವರ್ಷಕ್ಕೊಂದು ಹೊಸ ಎಲೆಬಟ್ಟೆ ಬೇಕು. ಎಲೆ, ತೊಗಟೆ, ಒಣಕಡ್ಡಿ ಎಲ್ಲ ಅಚ್ಚು ಹಾಕಿದ ಕೋಟು, ಟೋಪಿ, ಕೈಗವಸು, ಕಾಲುಚೀಲ. ತಮಾಷೆಯೇನು ಗೊತ್ತಾ, ಬಂದೂಕಿನ ಬೇಟೆಯಲ್ಲಿ ಒಬ್ಬರನ್ನೊಬ್ಬರು ಹೊಡೆದುಕೊಳ್ಳಬಾರದು ಅಂತ ಅದೆಲ್ಲದರ ಮೇಲೆ ಕಿತ್ತಳೆ ಬಣ್ಣದ ಟೋಪಿ, ತೋಳಿಲ್ಲದ ಅಂಗಿ ಹಾಕಲೇಬೇಕೆಂದು ಕಾನೂನು!

"ನೋಡ್ರಪ್ಪಾ ಇವನ್ನ, ಯಾರಿಗೂ ಕಾಣಬಾರ್ದು ಅಂತ ಕಾಸು ಸುರಿದು ಬಟ್ಟೆ ತಗೊಂಡು, ಅದರ ಮೇಲೆ ಊರಿಗೆಲ್ಲ ಕಾಣೋದನ್ನ ಹಾಕ್ಕೊಂಡಿದಾನೆ," ಅಂತ ಕ್ಲೇರ್ ನಗುತ್ತಿದ್ದ. "ಜಿಂಕೆಗೆ ಕೆಂಪೂ ಒಂದೇ, ಒಣಗಿದ ಎಲೆನೂ ಒಂದೇ ಕಣೋ. ಅದಕ್ಕೆ ಕಾಣೋದು ನಿನ್ನ ಬಟ್ಟೆ ಅಲ್ಲ. ನೀನು ಮೂಗು ಕೆರ್ಕೋತೀಯಲ್ಲ, ಅದು."

"ಆಯ್ತಾಯ್ತು, ನಿನ್ನ ಕೆಂಪು ಕೋಟು ನೋಡಿ ಜಿಂಕೆ ಬಂದು ಕೈ ಕುಲುಕುತ್ತೆ," ಅನ್ನುತ್ತಿದ್ದ ಡಾರ್ಸಿ.

ಗುರಿ ತಪ್ಪಿದಾಗೆಲ್ಲ ಡಾರ್ಸಿ ಬಟ್ಟೆಯನ್ನೇ ದೂರುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಬ್ಬರ ನಡುವೆ ಬಾಯಿ ಹಾಕದೆ ಸೂಪು ಬಡಿಸುತ್ತಿದ್ದವಳು ಕ್ಲೇರನ ಹೆಂಡತಿ ವರ್ನಾ. ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಊಟ ಬೇಯಿಸಿ ಬಡಿಸಿ ನಿವೃತ್ತಳಾದ ಹೆಂಗಸು, ಮಾತು ಕಮ್ಮಿ. ಪಕ್ಕದ ಕಣಿವೆಯಲ್ಲಿ ಹಸು ಸಾಕಿದ್ದ ಅವಳಪ್ಪ ಲಂಗದ ವಯಸ್ಸಿಗೇ ಅವಳ ಕೈಗೆ ಬಂದೂಕು ಕೊಟ್ಟು ಕಲಿಸಿದ್ದ. ಮದುವೆಯಾದ ವರ್ಷವೇ ಕ್ಲೇರ್, "ಇವಳು ಬರೋ ಹಾಗಿದ್ರೆ ನಾನೂ ಬರ್ತೀನಿ, ಇಲ್ದಿದ್ರೆ ಇಲ್ಲ," ಅಂತ ಹಟ ಹಿಡಿದು, ಗಂಡಸರೇ ಇರುತ್ತಿದ್ದ ಗುಡ್ಡದ ಬೇಟೆಮನೆಗೆ ಅವಳನ್ನು ಕರೆದುಕೊಂಡು ಹೋದ.

ಅವರಿಬ್ಬರ ಜಾಗ ದಿಣ್ಣೆಯ ಮೇಲಿನ ಹಳೇ ಬೀಚ್ ಮರ. ಬುಡಕ್ಕೆ ಬೆನ್ನು ಕೊಟ್ಟು ಅವನು ಆ ಕಡೆ ಮುಖ, ಅವಳು ಈ ಕಡೆ ಮುಖ. ಮಾತಿಲ್ಲ, ಕತೆಯಿಲ್ಲ. ಯಾರ ಕಡೆ ಜಿಂಕೆ ಬಂದರೂ ಮೊಣಕೈಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಇನ್ನೊಬ್ಬರಿಗೆ ತಾಗಿಸುವುದು. ಅಷ್ಟೇ ಅವರ ಸಂಸಾರದ ಗುಟ್ಟಿನ ಭಾಷೆ. ಮನೆಯಲ್ಲೂ, ಚರ್ಚಿನಲ್ಲಿ ಪಾದ್ರಿಯ ಮಾತು ಉದ್ದವಾದಾಗಲೂ, ಅದೇ ಮೊಣಕೈ.

ಬೇಟೆಮನೆಯ ಗೋಡೆಯ ಬಗ್ಗೆ ಹೇಳಬೇಕು. ಜಿಂಕೆ ಹೊಡೆದವರ ಹೆಸರು ಕೊಂಬಿನ ಕೆಳಗೆ. ಗುಂಡು ಹಾರಿಸಿ ಗುರಿ ತಪ್ಪಿದರೆ ಅವತ್ತೇ ಸಂಜೆ ಎಲ್ಲರೆದುರು ಅವನ ಅಂಗಿಯ ಹಿಂದಿನ ಬಾಲ ಕತ್ತರಿಸಿ, ಹೆಸರು ಬರೆದು, ಅದೇ ಗೋಡೆಗೆ ಮೊಳೆ ಹೊಡೆಯುವುದು. ಆ ಕಡೆಯ ಬೇಟೆಮನೆಗಳಲ್ಲೆಲ್ಲ ಅದು ರೂಢಿ. ಆ ಮನೆ ಕಟ್ಟಿಸಿದ ವರ್ನಾಳ ಮಾವ ಇನ್ನೊಂದು ನೇಮ ಹಾಕಿಹೋಗಿದ್ದ: ಗೋಡೆಯ ಮೇಲೆ ಹೆಸರಿದ್ದವರಿಗೆ ಮಾತ್ರ ಗುಡ್ಡದಲ್ಲಿ ಸ್ವಂತ ಜಾಗ, ಮಿಕ್ಕವರು ನೆಂಟರು.

ವರ್ನಾ ಎರಡು ಜಿಂಕೆ ಹೊಡೆದಿದ್ದಳು. ಎರಡೂ ಕೊಂಬುಗಳ ಕೆಳಗೆ ಕ್ಲೇರನ ಹೆಸರಿದೆ. ಅವನು "ನಿಂದು ಬರೀಲಿ" ಅಂದಾಗ ಇವಳೇ, "ಯಾರ ಹೆಸರಾದ್ರೇನು, ಸೂಪು ಆರುತ್ತೆ ಬನ್ನಿ," ಅಂದಿದ್ದಳು. ತಪ್ಪಿದ್ದೂ ಉಂಟು. ಆಗ ಗಂಡಸರು ನಕ್ಕು, ಹೆಂಗಸಿನ ಅಂಗಿಗೆ ಯಾರು ಕತ್ತರಿ ಹಾಕುತ್ತಾರೆ ಅಂತ ಬಿಟ್ಟಿದ್ದರು.

ಕಳೆದ ವಸಂತದಲ್ಲಿ ಕ್ಲೇರ್ ಹೋಗಿಬಿಟ್ಟ. ಎಲೆ ಉದುರುವ ಹೊತ್ತಿಗೆ ಡಾರ್ಸಿ ಒಂದು ದೊಡ್ಡ ಪೊಟ್ಟಣ ಹಿಡಿದು ಬಂದ. ವರ್ನಾ ಸೇಬಿನ ಪೈ ಇಟ್ಟಳು. ತಿಂದ, ಬಾಯಿ ಒರೆಸಿಕೊಂಡ, ಮತ್ತೆ ಒರೆಸಿಕೊಂಡ.

"ಅತ್ತಿಗೆ, ಆ ಬೀಚ್ ಮರ... ನಮ್ಮಳಿಯ ಕರ್ಟ್ ಕೇಳ್ತಿದಾನೆ."

"ಅದು ನನ್ ಜಾಗ."

"ಗೋಡೇಲಿ ನಿಮ್ಮ ಹೆಸರಿಲ್ವಲ್ಲ ಅತ್ತಿಗೆ. ನೀವು ಬನ್ನಿ, ಬೇಡ ಅಂದೋರು ಯಾರು? ಒಲೆ ಹತ್ರ ಬೆಚ್ಚಗೆ ಕೂತಿರಿ."

ಕ್ಲೇರನ ಸಮಾಧಿಗೆ ವರ್ನಾ ಹೆಚ್ಚು ಹೋಗುತ್ತಿರಲಿಲ್ಲ. ಅವನು ಇರುವುದು ಆ ಮರದ ಬುಡದಲ್ಲಿ ಅಂತ ಅವಳ ಲೆಕ್ಕ. ಅದೂ ಹೋದರೆ ಇನ್ನೇನು ಉಳಿಯಿತು?

"ಈ ಸಲ ಒಂದು ಹೊಡೆದ್ರೆ?" ಅಂದಳು.

"ಹೊಡೆದ್ರೆ ಮರ ನಿಮ್ದೇ, ಮಾತೇ ಇಲ್ಲ," ಅಂತ ಡಾರ್ಸಿ ಪೊಟ್ಟಣ ಮುಂದೆ ತಳ್ಳಿದ. ಒಳಗೆ ಹೊಚ್ಚಹೊಸ ಎಲೆಬಟ್ಟೆ. "ಆದ್ರೆ ಆ ಕೆಂಪು ಕೋಟು ಬೇಡ ದಮ್ಮಯ್ಯ. ಇದನ್ನ ಹಾಕ್ಕೊಳ್ಳಿ, ನೀವಿದೀರ ಅಂತಾನೇ ಗೊತ್ತಾಗಲ್ಲ." ಪಾಪ, ಅವನು ಕೆಟ್ಟವನೇನಲ್ಲ. ಒಳ್ಳೆಯದಕ್ಕೇ ಹೇಳಿದ್ದ.

ಆ ವಾರವೇ ಮಗಳು ಲೋರ್ನಾ ಮನೆ ಗುಡಿಸಿ ಒರೆಸಿ ಕೊಡುತ್ತೇನೆಂದು ಬಂದವಳು ಒಂದು ಘನಕಾರ್ಯ ಮಾಡಿದಳು. ಬಾಗಿಲ ಹಿಂದೆ ತೂಗುಹಾಕಿದ್ದ ಅಪ್ಪನ ಕೋಟನ್ನು ಬಿಸಿನೀರಿಗೆ ಹಾಕಿ, ಘಮಘಮ ಸೋಪಿನಪುಡಿ ಸುರಿದು, ಮಷಿನ್ನಿನಲ್ಲಿ ತಿರುಗಿಸಿಬಿಟ್ಟಳು.

"ಏನೇ ಇದು, ಏನ್ ಮಾಡ್ದೆ?"

"ನಾತ ಹೊಡೀತಿತ್ತಮ್ಮಾ! ಪೈಪಿನ ತಂಬಾಕು, ನಾಯಿ, ಮರದ ಹೊಟ್ಟು..."

"ಅದೇ ಕಣೇ ನಿಮ್ಮಪ್ಪ!" ಅಂದವಳೇ ವರ್ನಾ ಆ ಒದ್ದೆ ಕೋಟನ್ನು ಎದೆಗೆ ಒತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಮಣ್ಣು ಮಾಡುವ ದಿನ ಬಾರದ ಅಳು ಅವತ್ತು ಬಂತು. ಲೋರ್ನಾಳೂ ಪಕ್ಕದಲ್ಲಿ ಕೂತು ಅತ್ತಳು.

ಒಣಗಿದ ಮೇಲೆ ನೋಡಿದರೆ ಕೋಟು ಕುಗ್ಗಿಹೋಗಿತ್ತು. ಕ್ಲೇರ್ ಭಾರಿ ಆಳು, ಅವನ ಕೋಟಿನಲ್ಲಿ ಇಬ್ಬರು ವರ್ನಾಗಳನ್ನು ತುಂಬಬಹುದಿತ್ತು. ಈಗ ಹಾಕಿ ನೋಡಿದಳು: ಭುಜ ಸರಿ, ತೋಳು ಸರಿ, ಗುಂಡಿಯೂ ಸರಿ, ಅಳತೆ ಕೊಟ್ಟು ಹೊಲಿಸಿದ ಹಾಗೆ. ಕನ್ನಡಿ ಮುಂದೆ ಸುಮಾರು ಹೊತ್ತು ನಿಂತಳು. ಆಮೇಲೆ ಸೋಪಿನ ವಾಸನೆ ಹೋಗಲಿ ಅಂತ ಸೌದೆಕೊಟ್ಟಿಗೆಯಲ್ಲಿ ಕಾಡಿನ ವಾಸನೆಯ ಹೆಮ್ಲಾಕ್ ಮರದ ಸೊಪ್ಪಿನ ನಡುವೆ ತೂಗುಹಾಕಿದಳು. ಡಾರ್ಸಿಯ ಎಲೆಬಟ್ಟೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು.

ಬೇಟೆಯ ಮೊದಲ ದಿನ. ವರ್ನಾ ಕೆಂಪು ಕೋಟು, ಅದರ ಮೇಲೆ ಕಾನೂನಿನ ಕಿತ್ತಳೆ ತೊಟ್ಟು ಬೀಚ್ ಮರದ ಬುಡದಲ್ಲಿ ಕೂತಿದ್ದಳು. ಕರ್ಟ್ ಕೆಳಗಿನ ಇಳಿಜಾರಿನಲ್ಲಿ, ಆ ಕಿತ್ತಳೆಯೊಂದು ಬಿಟ್ಟರೆ ಅಡಿಯಿಂದ ಮುಡಿಯವರೆಗೆ ಎಲೆಯಾಗಿ ಕೂತಿದ್ದ. ಎಲೆಯೇನೋ ಸರಿ, ಆದರೆ ಆ ಎಲೆ ಸುಮ್ಮನಿರಬೇಕಲ್ಲ! ಆಕಳಿಸಿತು, ಫ್ಲಾಸ್ಕು ತೆರೆಯಿತು, ಚಳಿಗೆ ಕಾಲು ಕುಣಿಸಿತು. ಮಧ್ಯಾಹ್ನ ತೊರೆಯ ಕಡೆಯಿಂದ ಬಂದ ಹೆಣ್ಣು ಜಿಂಕೆಗಳು ಅವನನ್ನು ದೂರದಿಂದಲೇ ಕಂಡು, ಸುತ್ತು ಹಾಕಿ, ದಿಣ್ಣೆ ಹತ್ತಿ ಸೀದಾ ವರ್ನಾಳ ಕಡೆ ಬಂದವು. ಅವುಗಳ ಹಿಂದೆ ಒಂದು ಕೊಂಬಿನ ಜಿಂಕೆ.

ಅದು ಎಷ್ಟು ಹತ್ತಿರ ಬಂತೆಂದರೆ ಮೂಗಿನ ಹಬೆ ಕಾಣುತ್ತಿತ್ತು. ತಲೆಯೆತ್ತಿ ಕೆಂಪು ಕೋಟನ್ನೇ ನೇರವಾಗಿ ನೋಡಿತು. ಕಿವಿ ಆಡಿಸಿತು. ಆಮೇಲೆ, ಅಲ್ಲಿ ಒಂದು ಮೋಟುಮರ ಇದೆಯೇನೋ ಎನ್ನುವಂತೆ, ತಲೆ ತಗ್ಗಿಸಿ ಬೀಚ್ ಕಾಯಿ ಹೆಕ್ಕತೊಡಗಿತು.

ಬಂದೂಕು ಆಗಲೇ ಭುಜಕ್ಕೇರಿತ್ತು. ಬೆರಳು ಎಳೆದರಾಯಿತು. ಆದರೆ ವರ್ನಾಳ ಎದೆಯಲ್ಲಿ ಉಕ್ಕಿದ್ದು ಬೇರೆಯೇ ಸಂತೋಷ. ಕೆಂಪು ಕಾಣಲ್ಲ ಅಂದಿದ್ರಲ್ಲ ನೀವು, ನೋಡಿ, ನಿಮ್ಮ ಮಾತೇ ಗೆದ್ದಿತು ನೋಡಿ! ಅವಳಿಗೆ ಗೊತ್ತಾಗುವ ಮೊದಲೇ ಮೊಣಕೈ ಮೆಲ್ಲಗೆ ಹಿಂದಕ್ಕೆ ಸರಿಯಿತು.

ಸಿಕ್ಕಿದ್ದು ಬರೀ ತೊಗಟೆ.

ಅಷ್ಟು ಚಲನೆ ಸಾಕಾಯಿತು. ಜಿಂಕೆ ಬಾಲದ ಬಿಳುಪು ತೋರಿಸಿ ನೆಗೆಯಿತು. ಅವಳು ಹೊಡೆದ ಗುಂಡು ಯಾವುದೋ ಮರಕ್ಕೆ ಬಡಿಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎದ್ದುಹೋಗಿ ಅದರ ಹೆಜ್ಜೆ ಹಿಡಿದು ಬಹಳ ದೂರ ಹುಡುಕಿದಳು. ರಕ್ತವಿಲ್ಲ, ಉದುರಿದ ರೋಮವಿಲ್ಲ. ಸದ್ಯ, ನೋಯಿಸಲಿಲ್ಲ ಅಂದುಕೊಂಡಳು. ಮರಕ್ಕೆ ವಾಪಸು ಬಂದು, ಇದೇ ಕೊನೆಯೇನೋ ಅಂತ ಬೆಳಕು ಕಂತುವವರೆಗೆ ಕೂತಳು.

ಬೇಟೆಮನೆಯಲ್ಲಿ ಒಲೆ ಉರಿಯುತ್ತಿತ್ತು. "ದೊಡ್ಡಮ್ಮ, ನಿಮ್ಮ ಕಡೆಯಿಂದ ಗುಂಡಿನ ಸದ್ದು ಬಂತು!" ಅಂದ ಕರ್ಟ್. ಅವಳ ಮುಖ ನೋಡಿದ ಡಾರ್ಸಿಗೆ ಎಲ್ಲ ಅರ್ಥವಾಯಿತು.

"ಏ, ಯಾವುದೋ ಕೊಂಬೆ ಮುರಿದಿರುತ್ತೆ ಬಿಡೋ," ಅಂದ. "ಕೂತ್ಕೊಳ್ಳಿ ಅತ್ತಿಗೆ, ಸೂಪು ನಾನೇ ಬಡಿಸ್ತೀನಿ."

ವರ್ನಾ ಕೂರಲಿಲ್ಲ. ಗೋಡೆಯ ಕಡೆ ನೋಡಿದಳು. ಅಲ್ಲಿ ಕ್ಲೇರನ ಹಳೇ ಕಾಲದ ಅಂಗಿಬಾಲ ಒಂದು, ಡಾರ್ಸಿಯವು ಸಾಲುಸಾಲು. ಕೊನೆಗೆ ಹೊಸದೊಂದು, ಎಲೆ ಅಚ್ಚಿನದು. ಅದರ ಮೇಲೆ ಕರ್ಟ್‌ನ ಹೆಸರು, ಹೋದ ವರ್ಷದ್ದು.

"ಡಾರ್ಸಿ, ಕರ್ಟ್ ಎಷ್ಟು ಜಿಂಕೆ ಹೊಡೆದಿದಾನೆ ಇಲ್ಲಿ?"

"ಇನ್ನೂ... ಒಂದೂ ಇಲ್ಲ."

"ಮತ್ತೆ ಹೆಸರು ಹೇಗೆ ಬಂತು ಗೋಡೆಗೆ?"

ಡಾರ್ಸಿಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

"ಮಾವ ಹೇಳಿದ್ದು ಹೆಸರು ಅಂತ. ಕೊಂಬು ಅಂತ ಹೇಳ್ಲಿಲ್ಲ," ಅಂದಳು ವರ್ನಾ. ಕೆಂಪು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಅಂಗಿಯ ಹಿಂಬದಿಯನ್ನು ಹೊರಗೆಳೆದು, ಮೈದುನನಿಗೆ ಬೆನ್ನು ತಿರುಗಿಸಿ ನಿಂತಳು. "ಕತ್ತರಿ ತಗೊ."

"ಅತ್ತಿಗೆ, ನಿಮಗೆ ಅವಮಾನ ಆಗಬಾರ್ದು ಅಂತ..."

"ಇಷ್ಟು ವರ್ಷ ಬಿಟ್ಟುಬಿಟ್ರಲ್ಲ, ಅದೇನಪ್ಪಾ ಅವಮಾನ. ಈ ಮನೇಲಿ ನಾನು ಕಾಣಿಸದೇ ಇರೋಕೆ ಎಲೆಬಟ್ಟೆ ಬೇಕೇ ಆಗ್ಲಿಲ್ಲ. ತಪ್ಪಿದೆ, ಎಲ್ಲರ ಹಾಗೆ ತಪ್ಪಿದೆ. ಕತ್ತರಿಸು."

ಕರ್ಟ್ ತಲೆ ತಗ್ಗಿಸಿಕೊಂಡು ಹೋಗಿ ಕತ್ತರಿ ತಂದುಕೊಟ್ಟ. "ಮರ ನಿಮ್ದು ದೊಡ್ಡಮ್ಮ," ಅಂದ. ಡಾರ್ಸಿ ಕತ್ತರಿಸಿದ. ಬಟ್ಟೆಯನ್ನು ಮೇಜಿನ ಮೇಲೆ ಹರವಿ ಪೆನ್ನು ತೆಗೆದ.

"ಏನಂತ ಬರೀಲಿ? ಮಿಸೆಸ್ ಕ್ಲೇರ್..."

"ವರ್ನಾ ಅಂತ ಬರಿ."

ಬರೆದ. ಮೊಳೆ, ಸುತ್ತಿಗೆ ಹಿಡಿದು ಗೋಡೆಯ ಹತ್ತಿರ ಹೋದವನಿಗೆ ಹಳೇ ಜಗಳ ನೆನಪಾಯಿತೇನೋ, ತಿರುಗಿ ನಿಂತ. "ಒಂದು ಮಾತು ಹೇಳಿ ಅತ್ತಿಗೆ. ಕೆಂಪು ಕೋಟು ಕಂಡು ಬೆದರಿತು ತಾನೆ?"

"ಇಲ್ಲ. ಕೋಟನ್ನೇ ನೋಡ್ತಾ ನಿಂತಿತ್ತು, ಆಮೇಲೆ ಮೇಯೋಕೆ ಶುರು ಮಾಡ್ತು."

"ಮತ್ತೆ ಯಾಕೆ ಓಡ್ತು?"

"ಮೊಣಕೈ ಅಲ್ಲಾಡಿಸ್ದೆ," ಅಂದಳು ವರ್ನಾ. "ಬಂದಿದೆ ನೋಡಿ ಅಂತ ನಿಮ್ಮಣ್ಣನಿಗೆ ಹೇಳೋಕೆ ಹೋದೆ."

ಡಾರ್ಸಿ ಗೋಡೆಯ ಕಡೆ ತಿರುಗಿ, ಅಣ್ಣನ ಅಂಗಿಬಾಲದ ಪಕ್ಕದಲ್ಲಿ ತನ್ನದೊಂದನ್ನು ಕಿತ್ತು ಜಾಗ ಮಾಡಿದ. ಕಣ್ಣು ಮಂಜಾಗಿದ್ದರಿಂದ ಮೊದಲನೇ ಮೊಳೆ ಬಾಗಿಹೋಯಿತು, ಇನ್ನೊಂದು ತೆಗೆದುಕೊಂಡ.