ತಾಂಡೇಲರ ಕೈಯಲ್ಲಿ ರಿಮೋಟು, ನನ್ನ ಕೈಯಲ್ಲಿ ಮೊಬೈಲು

ಇದು ಹೋದ ವರ್ಷದ ಮಳೆಗಾಲದ ಮಾತು. ಜೂನ್ ಒಂದರಿಂದ ಬೋಟುಗಳಿಗೆಲ್ಲ ಎರಡು ತಿಂಗಳ ರಜೆ. ಮೀನು ಮೊಟ್ಟೆಯಿಡುವ ಕಾಲ, ಸಮುದ್ರಕ್ಕೆ ಇಳಿಯಬಾರದು ಎಂದು ಸರ್ಕಾರದ ಕಟ್ಟಪ್ಪಣೆ. ಹಾಗಾಗಿ ಹೊನ್ನಾವರದ ಪಕ್ಕದ ನಮ್ಮ ಕಾಸರಕೋಡಿನ ಗಂಡಸರು ಆ ಎರಡು ತಿಂಗಳು ಮನೆಯಲ್ಲೇ ಇರುತ್ತಾರೆ. ಮೀನುಗಳಿಗೆ ಇದರಿಂದ ಬಹಳ ಒಳ್ಳೆಯದಾಗುತ್ತದಂತೆ. ಹೆಂಗಸರಿಗೆ ಏನಾಗುತ್ತದೆ ಎಂದು ಯಾರೂ ಕೇಳಿದ್ದಿಲ್ಲ.

ನಮ್ಮವರು ಬೋಟಿನ ತಾಂಡೇಲರು, ಅಂದರೆ ಚುಕ್ಕಾಣಿ ಹಿಡಿಯುವವರು. ಎಲ್ಲಿ ಬಲೆ ಬಿಡಬೇಕು, ಯಾವಾಗ ದಡಕ್ಕೆ ತಿರುಗಬೇಕು ಎಂಬುದರಲ್ಲಿ ಅವರದೇ ಕೊನೆಯ ಮಾತು. ಇಪ್ಪತ್ತೆಂಟು ವರ್ಷದಿಂದ ಇದೇ ಕೆಲಸ. ಬೋಟಿನಲ್ಲಿ ಎಂಟು ಜನ ಅವರ ಕಣ್ಸನ್ನೆಗೆ ಕಾಯುತ್ತಾರೆ. ಮನೆಯಲ್ಲಿ ಕಾಯುವುದಕ್ಕೆ ನಾನೊಬ್ಬಳೇ. ವರ್ಷದ ಹತ್ತು ತಿಂಗಳು ಟೀವಿಯ ರಿಮೋಟು ನನ್ನದು. ಜೂನ್ ಒಂದನೇ ತಾರೀಖು ಅದು ಅವರ ಕೈಗೆ ಹೋಗುತ್ತದೆ. ಉಪ್ಪುಗಾಳಿ ತಾಗದಿರಲಿ ಎಂದು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಬಲೆ ಹೆಣೆಯುವ ದಾರದಿಂದ ಬಿಗಿದು ಲುಂಗಿಯ ಮಡಿಕೆಗೆ ಸಿಕ್ಕಿಸಿಕೊಳ್ಳುತ್ತಾರೆ. ಸ್ನಾನಕ್ಕೆ ಹೋಗುವಾಗಲೂ ಅದು ಜೊತೆಗೇ ಹೋಗುತ್ತದೆ.

ಬೆಳಿಗ್ಗೆ ಬಂದರಿಗೆ ಹೋಗಿ ಬಲೆ ಸರಿಮಾಡುವುದು, ಮಧ್ಯಾಹ್ನ ಊಟವಾದ ಮೇಲೆ ಟೀವಿ. ನೋಡಿದರೆ ಬೇಸರವಿಲ್ಲ, ಅವರು ನೋಡುವುದೇ ಇಲ್ಲ. ಒಂದು ಚಾನೆಲ್ಲಿನಲ್ಲಿ ಹತ್ತು ಎಣಿಸುವಷ್ಟು ಹೊತ್ತು, ಮತ್ತೆ ಇನ್ನೊಂದಕ್ಕೆ. ವಾರ್ತೆ, ಕಬಡ್ಡಿ, ಯಾರದೋ ಅಡುಗೆ, ಮತ್ತೆ ವಾರ್ತೆ.

"ಒಂದ್ ಕಡೆ ನಿಲ್ಸೂಕೆ ಎಂತ ಆತು ನಿಮ್ಗೆ?" ಎಂದು ಕೇಳಿದರೆ, "ಮೀನಿಲ್ದ ಜಾಗದಲ್ಲಿ ಬಲೆ ಬಿಟ್ಕಂಡು ಕೂತ್ಕಂಡ್ರೆ ಆತದೇನೇ?" ಎನ್ನುತ್ತಿದ್ದರು.

ಸಂಜೆ ಏಳಕ್ಕೆ ನನ್ನ ಧಾರಾವಾಹಿ. ಹತ್ತು ತಿಂಗಳು ಒಂದು ದಿನವೂ ತಪ್ಪಿಸದೆ ನೋಡಿದ್ದೇನೆ. ಅವತ್ತು ಅದರಲ್ಲಿ ಸೊಸೆಯ ಹಾಲಿಗೆ ಅತ್ತೆ ಏನೋ ಬೆರೆಸಿದ್ದಳು, ಸೊಸೆ ಲೋಟವನ್ನು ತುಟಿಗೆ ತಂದಿದ್ದಳು. ಅಷ್ಟರಲ್ಲಿ ನಮ್ಮವರು ಕಬಡ್ಡಿಗೆ ತಿರುಗಿಸಿದರು. ಆ ಸೊಸೆ ಹಾಲು ಕುಡಿದಳೋ ಇಲ್ಲವೋ ಎಂದು ನನಗೆ ನಿದ್ದೆ ಬರಲಿಲ್ಲ.

ಆ ಭಾನುವಾರ ಕುಮಟೆಯಿಂದ ಮಗಳು ದೀಪಾ ಬಂದಳು. ಅವಳು ಅಲ್ಲಿಯ ಶಾಲೆಯೊಂದರಲ್ಲಿ ಟೀಚರು. ನನ್ನ ಗೋಳು ಕೇಳಿ, ತಾನೇ ಕೊಡಿಸಿದ್ದ ನನ್ನ ಮೊಬೈಲನ್ನು ತಿರುಗಿಸಿ ನೋಡಿದಳು. ಅದರ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಯಿದೆ. "ಅಮ್ಮಾ, ಇದ್ರಲ್ಲಿ ರಿಮೋಟಿತ್ತಲ್ಲೇ. ಈ ಚುಕ್ಕೆನ ಟೀವಿ ಬದಿಗೆ ಹಿಡ್ದು ಒತ್ತದ್ರೆ ಆತು" ಎಂದು ಹತ್ತು ನಿಮಿಷದಲ್ಲಿ ಎಲ್ಲ ಜೋಡಿಸಿಕೊಟ್ಟಳು. ಅಪ್ಪ ರಿಮೋಟು ಸಿಕ್ಕಿಸಿಕೊಂಡು ಹೊರಗೆ ಹೋದಾಗ ಬೇಕಾಗುತ್ತದೆ ಎಂದು ಅವಳು ಕೊಟ್ಟದ್ದು. ಅಪ್ಪ ಮನೆಯಲ್ಲಿದ್ದಾಗಲೇ ಅದರ ಉಪಯೋಗ ಎಂದು ನನಗೆ ಆಗಲೇ ಹೊಳೆದಿತ್ತು.

ಮರುದಿನ ಸಂಜೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತೆ. ಅಲ್ಲಿಂದ ಟೀವಿ ನೇರ ಕಾಣುತ್ತದೆ, ನಮ್ಮವರ ಬೆನ್ನು ಮಾತ್ರ ನನ್ನ ಕಡೆಗೆ. ಏಳು ಗಂಟೆಗೆ ಅವರು ವಾರ್ತೆ ನೋಡುತ್ತಿದ್ದರು. ಮಗಳ ಮೆಸೇಜು ಓದುವವಳಂತೆ ಮೊಬೈಲು ಹಿಡಿದು ಒತ್ತಿದೆ. ಧಾರಾವಾಹಿ ಬಂತು. ಸೊಸೆ ಬದುಕಿದ್ದಳು.

ನಮ್ಮವರು ರಿಮೋಟು ನೋಡಿದರು, ಒತ್ತಿದರು. ವಾರ್ತೆ ಬಂತು. ನಾನು ಒತ್ತಿದೆ. ಹೀಗೆ ನಾಲ್ಕು ಸಲ ಆದ ಮೇಲೆ ಅವರು ರಿಮೋಟನ್ನು ತೊಡೆಗೆ ಎರಡು ಸಲ ಬಡಿದು, "ಉಪ್ಪುಗಾಳಿ ತಾಗೋತು" ಎಂದು ತೀರ್ಮಾನ ಕೊಟ್ಟರು. ನಮ್ಮೂರಲ್ಲಿ ಬೀಗ ತಿರುಗದಿದ್ದರೂ ಸೈಕಲ್ಲು ಉರುಳದಿದ್ದರೂ ಉಪ್ಪುಗಾಳಿಯದೇ ತಪ್ಪು. ನನ್ನ ಪುಣ್ಯಕ್ಕೆ ಅದಕ್ಕೆ ಬಾಯಿಲ್ಲ.

ಆಮೇಲಿನ ದಿನಗಳಲ್ಲಿ ಬ್ಯಾಟರಿ ಬದಲಾಯಿಸಿದರು. ಒಳಗಿನ ತಂತಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿದರು. ಹೊನ್ನಾವರದ ಪೇಟೆಗೆ ಹೋಗಿ ಹೊಸ ರಿಮೋಟನ್ನೇ ತಂದರು. ಒಂದು ದಿನ ಜೋರು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಮಾಡು ಹತ್ತಿ ಡಿಶ್ಶನ್ನು ಗೋವೆಯ ಕಡೆಗೊಮ್ಮೆ, ಭಟ್ಕಳದ ಕಡೆಗೊಮ್ಮೆ ತಿರುಗಿಸಿ, "ಈಗ ಬತ್ತದ್ಯೇ?" ಎಂದು ಮೇಲಿನಿಂದ ಕೂಗುತ್ತಿದ್ದರು. ನಾನು ಒಳಗೆ ಬೆಚ್ಚಗೆ ಕುಳಿತು, "ಇನ್ನೊಂದ್ ಚೂರು ಎಡಕ್ಕೆ" ಎಂದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಆ ಬೆಕ್ಕು ನಾನಾಗಿದ್ದೆ. ಇಷ್ಟು ವರ್ಷದಲ್ಲಿ ಅಷ್ಟು ನಕ್ಕದ್ದು ನೆನಪಿಲ್ಲ.

ಜುಲೈ ಹೊತ್ತಿಗೆ ಅವರು ಸೋತರು. ಏಳಾದರೆ ರಿಮೋಟು ತಾವೇ ತಂದು, "ತಗಾ, ನೀನೇ ಒತ್ತು. ನನ್ ಕೈಲಿ ಆತಿಲ್ಲ" ಎಂದು ಕೊಡುತ್ತಿದ್ದರು. ನಾನು ಗೆದ್ದೆ ಅಂದುಕೊಂಡೆ. ಮನೆಯಿಂದ ಹೊರಟವರು ಬಾಗಿಲ ಚಿಲಕ ನೋಡಲು ಎರಡೆರಡು ಸಲ ತಿರುಗಿ ಬರುತ್ತಿದ್ದರು. "ನಾ ಬೆಳಿಗ್ಗೆ ಮಾತ್ರೆ ತಕಂಡೆನನೇ?" ಎಂದು ಕೇಳುತ್ತಿದ್ದರು. ಮಾತು ಕಡಿಮೆಯಾಗಿತ್ತು. ಮಳೆಗಾಲದಲ್ಲಿ ಗಂಡಸರು ಹಾಗೇ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನಗೆ ಆ ಸೊಸೆಯದೇ ಚಿಂತೆ.

ಜುಲೈ ಮೂರನೇ ವಾರ, ಒಂದು ಶುಕ್ರವಾರ ಬೆಳಿಗ್ಗೆ ನನ್ನ ಮೈದುನ ಮಂಜುನಾಥ ಬಂದ. ಅಣ್ಣನ ಬೋಟಿನಲ್ಲೇ ಕೆಲಸ ಮಾಡುವವನು. ಚಹಾ ಕೊಟ್ಟರೆ ಕುಡಿಯದೆ ಲೋಟ ತಿರುಗಿಸುತ್ತ ಕುಳಿತ.

"ಅತ್ತಿಗೆ, ಅಣ್ಣಂಗೆ ಎಂತ ಆತು? ಈ ವರ್ಷದಿಂದ ಚುಕ್ಕಾಣಿ ನೀ ಹಿಡಿ ಅಂತ್ರು. ಭಾನುವಾರ ಎಲ್ರನ್ನೂ ಕರ್ದು ಹೇಳ್ತ್ರಂತೆ."

"ಎಂತಕ್ಕೆ?" ಎಂದೆ.

"ನಾ ಒತ್ತೂದೊಂದು, ಆಗೂದೊಂದು ಅಂತ್ರು. ಟೀವಿ ಆದ್ರೆ ಅಡ್ಡಿಲ್ಲ, ಬೋಟಲ್ಲಿ ಎಂಟು ಜನರ ಜೀವ ಇತ್ತು ಅಂತ್ರು. ಅಪ್ಪಂಗೂ ಹಿಂಗೇ ಶುರು ಆಗಿತ್ತಲಾ, ನೆನ್ಪಿತ್ತೆ ನಿಮ್ಗೆ?"

ನೆನಪಿಲ್ಲದೆ ಏನು. ನಮ್ಮ ಮಾವನವರೂ ತಾಂಡೇಲರೇ. ಅರವತ್ತಾಗುವುದರೊಳಗೆ ಅವರಿಗೆ ಮರೆವು ಶುರುವಾಗಿ, ಕೊನೆಗೆ ಊಟ ಹಾಕಿದ ಮಗನನ್ನೇ ನೀನು ಯಾರ ಮನೆಯವನು ಎಂದು ಕೇಳುತ್ತಿದ್ದರು. ಆ ಮಗ ನಮ್ಮವರು. ಅವರಿಗೆ ಈಗ ಐವತ್ನಾಲ್ಕು. ಒಂದು ಧಾರಾವಾಹಿಗೋಸ್ಕರ ನಾನು ಗಟ್ಟಿಮುಟ್ಟಾದ ಗಂಡಸನ್ನು ತನ್ನ ತಲೆಯನ್ನೇ ನಂಬದ ಹಾಗೆ ಮಾಡಿದ್ದೆ.

ಅವತ್ತೇ ಹೇಳಿಬಿಡಬೇಕು ಎಂದುಕೊಂಡೆ. ಅವರಿಗೆ ಪ್ರಿಯವಾದ ಒಣ ಸೀಗಡಿ ಚಟ್ನಿ ಮಾಡಿ, ಗಂಜಿ ಬಡಿಸಿ, "ನಿಮ್ಗೊಂದ್ ಮಾತು ಹೇಳೂದಿತ್ತು" ಎಂದೆ. "ನಂಗೂ ಒಂದ್ ಹೇಳೂದಿತ್ತು" ಎಂದು ಅವರು ಎದ್ದು, ಕಪಾಟಿನ ಕೀಲಿ ಎಲ್ಲಿರುತ್ತದೆ, ಬೋಟಿನ ಕಾಗದ ಯಾವ ಚೀಲದಲ್ಲಿದೆ ಎಂದು ಒಂದೊಂದಾಗಿ ತೋರಿಸತೊಡಗಿದರು. "ಮುಂದೆ ನಾ ಮರ್ತ್ರೂ ನಿಂಗೆ ಗೊತ್ತಿರ್ಲಿ" ಎಂದರು. ನಾನು ಹೂಂ ಎನ್ನುತ್ತ ಚಟ್ನಿ ಬಡಿಸಿದೆ, ಹೇಳಬೇಕಾದದ್ದು ಉಳಿದೇ ಹೋಯಿತು. ಶನಿವಾರವೂ ಎರಡು ಸಲ ಹೇಳಲು ಹೋಗಿ, ಗಂಜಿ ಆರುತ್ತದೆ ಎಂದಷ್ಟೇ ಹೇಳಿ ಬಂದೆ. ಮೂವತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಮುಂದೆ ಅಷ್ಟು ಹೆದರಿಕೆಯಾದದ್ದು ಅದೇ ಮೊದಲು.

ಭಾನುವಾರ ಬೋಟಿನವರೆಲ್ಲ ಬಂದರು. ಆಗಸ್ಟಿನಲ್ಲಿ ಬೋಟು ಇಳಿಸುವ ಮೊದಲು ಪೂಜೆಯ ದಿನ ಗೊತ್ತುಮಾಡಲು ಪ್ರತಿ ವರ್ಷ ಹೀಗೆ ಸೇರುವುದುಂಟು. ಹೊರಗೆ ಮಳೆ. ಒಳಗೆ ಎಂಟು ಜನ ಚಹಾ, ಅವಲಕ್ಕಿ ಹಿಡಿದು ಗೋಡೆಗೆ ಒರಗಿ ಕುಳಿತಿದ್ದರು. ಟೀವಿ ಸಣ್ಣ ದನಿಯಲ್ಲಿ ಹಾಡುತ್ತಿತ್ತು. ನಮ್ಮವರು ಗಂಟಲು ಸರಿಮಾಡಿಕೊಂಡರು.

"ಹುಡುಗ್ರಾ, ಈ ವರ್ಷ ಒಂದ್ ಬದಲಾವಣೆ ಇತ್ತು."

ಮಾತಿನಲ್ಲಿ ಹೇಳುವ ಧೈರ್ಯ ನನಗಿರಲಿಲ್ಲ. ಅವರ ಮಾತು ಮುಂದೆ ಹೋಗದಿರಲಿ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಟೀವಿಯ ದನಿ ಏರಿಸಿಬಿಟ್ಟೆ. ಅವರು ರಿಮೋಟು ತೆಗೆದು ಇಳಿಸಿದರು. ನಾನು ಏರಿಸಿದೆ. ಅವರು ಮತ್ತೆ ಇಳಿಸಿದರು. ನಾನು ಇನ್ನೂ ಏರಿಸಿದೆ. ಅವಲಕ್ಕಿ ತಿನ್ನುತ್ತಿದ್ದವರ ಕೈ ನಿಂತಿತು. ನಮ್ಮವರು ರಿಮೋಟನ್ನು ನೆಲಕ್ಕಿಟ್ಟು, "ಕಂಡ್ರ್ಯಾ? ನಾ ಹೇಳೂಕೆ ಹೊರ್ಟದ್ದು ಇದನ್ನೇ" ಎಂದರು. ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ.

ನಾನು ನಡುಮನೆಗೆ ಬಂದು, ಎಲ್ಲರೂ ಕಾಣುವ ಹಾಗೆ ಮೊಬೈಲು ಎತ್ತಿ ಹಿಡಿದು ಟೀವಿ ಆರಿಸಿದೆ. ಹಚ್ಚಿದೆ. ಕಬಡ್ಡಿ ಹಾಕಿದೆ, ವಾರ್ತೆ ಹಾಕಿದೆ, ಮತ್ತೆ ಆರಿಸಿದೆ. "ನೀವಲ್ಲ, ನಾನು" ಎಂದೆ. ಅಷ್ಟೇ ಬಂತು ಬಾಯಿಂದ.

ಬೋಟಿನವರು ತಮ್ಮ ತಮ್ಮ ಚಹಾದ ಲೋಟದೊಳಗೆ ಏನೋ ಬಿದ್ದಿದೆ ಎನ್ನುವ ಹಾಗೆ ಅದನ್ನೇ ನೋಡತೊಡಗಿದರು. ನಮ್ಮವರು ಮೊಬೈಲು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಯಾವತ್ತಿಂದ?"

"ಜೂನಿನ ಎರಡ್ನೇ ವಾರದಿಂದ."

"ನಾ ಹೊಸ ರಿಮೋಟು ತಂದದ್ದು?"

"ಅದೂ ನಾನೇ."

"ಆ ಮಳೆಲಿ ಮಾಡು ಹತ್ತದ್ದು?"

"ಹೂಂ."

"ಇನ್ನೊಂದ್ ಚೂರು ಎಡಕ್ಕೆ ಅಂದ್ಯಲೇ ಮಾರಾಯ್ತಿ" ಎಂದರು. ಮಂಜುನಾಥನಿಗೆ ತಡೆಯಲಾಗದೆ ಬಾಯಲ್ಲಿದ್ದ ಅವಲಕ್ಕಿ ಹೊರಗೆ ಬಂತು. ಒಬ್ಬ ನಕ್ಕ, ಇನ್ನೊಬ್ಬ ನಕ್ಕ, ಆಮೇಲೆ ಮನೆಯೇ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ನಮ್ಮವರೂ ನಕ್ಕರು. ನಗುತ್ತ ನಗುತ್ತ ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು. ಅದು ಬರೀ ನಗುವಿನ ನೀರಲ್ಲ ಎಂದು ನನಗೊಬ್ಬಳಿಗೆ ಗೊತ್ತಾಯಿತು. "ಆತು. ಚುಕ್ಕಾಣಿ ನಂದೇ. ಪೂಜೆ ದಿನ ಹೇಳಿ" ಎಂದರು.

ಎಲ್ಲರೂ ಹೋದ ಮೇಲೆ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಎಂಟು ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆಗಸ್ಟಿನಲ್ಲಿ ಮೊದಲ ಸಲ ಸಮುದ್ರಕ್ಕೆ ಹೋಗಿ ಬಂದವರು ಒಳ್ಳೆಯದೊಂದು ಇಸವಣ ಮೀನು ತಂದು ಸಿಂಕಿನಲ್ಲಿ ಹಾಕಿ, "ಆ ಸೊಸೆ ಎಂತ ಆದ್ಳು?" ಎಂದು ಕೇಳಿದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಈ ವರ್ಷ ಜೂನ್ ಒಂದನೇ ತಾರೀಖು ಅವರೇ ರಿಮೋಟನ್ನು ನನ್ನ ಕೈಗಿತ್ತು, "ಏಳರಿಂದ ಎಂಟು ನಿಂದು" ಎಂದರು. ಇಂಥ ಗಂಡ ಯಾರಿಗುಂಟು ಎಂದು ನೆರೆಮನೆಯಲ್ಲೆಲ್ಲ ಹೇಳಿಕೊಂಡು ಬಂದೆ. ಒಂದು ವಾರ ಚೆನ್ನಾಗಿ ಹೋಯಿತು. ಮುಂದಿನ ಸೋಮವಾರ ಅದೇ ಅತ್ತೆ ಅದೇ ಸೊಸೆಯ ಕಾಲಿಗೆ ಬೀಳುವ ಹೊತ್ತಿಗೆ ಟೀವಿ ಕಬಡ್ಡಿಗೆ ಹಾರಿತು. ಒತ್ತಿ ವಾಪಸು ತಂದೆ. ಮತ್ತೆ ಹಾರಿತು. ನನ್ನ ಮೊಬೈಲು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ರಿಮೋಟು ನನ್ನ ಕೈಯಲ್ಲೇ ಇತ್ತು. ನಮ್ಮವರು ಮೂಲೆಯಲ್ಲಿ ತಲೆ ಬಗ್ಗಿಸಿ ಬಲೆಯ ತುಂಡೊಂದನ್ನು ಹೆಣೆಯುತ್ತಿದ್ದರು.

ನಾನು ನನ್ನ ಹೆಬ್ಬೆರಳನ್ನೇ ನೋಡಿಕೊಂಡೆ. ಒತ್ತಿದ್ದು ಈ ಗುಂಡಿಯನ್ನೇ ಅಲ್ಲವೇ, ಅಥವಾ ಬೇರೆಯದನ್ನು ಒತ್ತಿದೆನೇ ಎಂದು ಅನುಮಾನ ಬಂತು. ಬೆಳಿಗ್ಗೆ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದು ನೆನಪಾಯಿತು. ನಿನ್ನೆ ಕನ್ನಡಕ ಹುಡುಕಿದ್ದು ನೆನಪಾಯಿತು.

ಅಷ್ಟರಲ್ಲಿ ಬಲೆಯ ರಾಶಿಯೊಳಗಿಂದ ಏನೋ ಬೆಳಕು ಕಂಡಿತು. ಹೋಗಿ ಎತ್ತಿದರೆ ಹೊಸ ಮೊಬೈಲು, ಅದರ ತಲೆಯ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಹಿಂದಿನ ವಾರ ದೀಪಾ ಬಂದುಹೋದಾಗ ತಂದೆ ಮಗಳು ಏನೋ ಗುಸುಗುಸು ಅಂದುಕೊಂಡದ್ದು ಇದಕ್ಕೆ. ಮಾಡಿದ್ದುಣ್ಣೋ ಮಹರಾಯ ಎಂದು ನಗು ಬಂತು, ಆದರೂ ಒಮ್ಮೆ ನಾನೇ ಅದನ್ನು ಒತ್ತಿ ಚಾನೆಲ್ಲು ಹಾರುತ್ತದೆಯೇ ಎಂದು ಖಾತ್ರಿ ಮಾಡಿಕೊಂಡೆ. ಅವರು ಅದನ್ನು ನೋಡಿದರು.

"ಎಷ್ಟ್ ಹೊತ್ತು ಹೆದ್ರದೆ?" ಎಂದು ಕೇಳಿದರು.

"ಒಂದ್ ನಿಮಿಷ."

"ನಾ ಐದು ವಾರ" ಎಂದರು.

ಸಿಟ್ಟಿನಿಂದ ಅಲ್ಲ, ಲೆಕ್ಕ ತೀರಿಸುವ ದನಿಯಲ್ಲೂ ಅಲ್ಲ. ನನಗೆ ಗೊತ್ತಿರಲಿ ಎಂದು ಹೇಳಿದ ಹಾಗಿತ್ತು. ಆಮೇಲೆ ತಾವೇ ಒತ್ತಿ ನನ್ನ ಧಾರಾವಾಹಿ ಹಾಕಿಕೊಟ್ಟು ಮತ್ತೆ ಬಲೆ ಹಿಡಿದರು. ನಾನು ಟೀವಿಯ ಮುಂದೆ ಕುಳಿತದ್ದೇನೋ ನಿಜ. ಆದರೆ ಅವತ್ತು ಆ ಅತ್ತೆ ಸೊಸೆಯ ಕಾಲಿಗೆ ಬಿದ್ದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ.