ಜಾಕೆಟ್ಟಿಗೆ ಇಲ್ಲದ ಜೇಬು

ರಘು ಸರ್‌ಗೆ ಒಂದು ಅಭ್ಯಾಸ. ಹೊಸ ಜಾಕೆಟ್ಟಿನ ಫೋಟೊ ತೆಗೆಯುವ ಮೊದಲು ಅದರ ತೋಳಿನ ಅಂಚನ್ನು ಸ್ಯಾಂಡ್‌ಪೇಪರಿನಿಂದ ಮೆಲ್ಲಗೆ ಉಜ್ಜುತ್ತಾರೆ. “ಹಳೇ ಕಳೆ ಬರ್ಬೇಕಮ್ಮ” ಅನ್ನುತ್ತಾರೆ.

ನಾವಿರುವ ಬಾಥೆಲ್ ಊರಿನಲ್ಲಿ ಅವರದು ಆನ್‌ಲೈನ್ ಅಂಗಡಿ. ಎರಡನೇ ಮಹಾಯುದ್ಧದ ಪೈಲಟ್‌ಗಳು ತೊಡುತ್ತಿದ್ದ ಚರ್ಮದ ಜಾಕೆಟ್ಟುಗಳ ನಕಲು ಮಾರುತ್ತಾರೆ. ವೆಬ್‌ಸೈಟಿಗೆ ಬರೆಯೋದು ನಾನು. “ಮೂಲದ ಮಾದರಿಯಲ್ಲಿ ಹೊಲಿದದ್ದು” ಅಂತ ಬರೆದಿದ್ದೆ. ಸರ್ ಅದನ್ನು “ಮೂಲಕ್ಕೂ ಇದಕ್ಕೂ ಒಂದು ಹೊಲಿಗೆಯ ವ್ಯತ್ಯಾಸವೂ ಇಲ್ಲ” ಎಂದು ತಿದ್ದಿದರು. ಪಕ್ಕದ ಜೇಬುಗಳನ್ನು ನಾವೇ ಸೇರಿಸಿದ್ದಲ್ವಾ ಅಂದೆ. “ಯಾರು ನೋಡ್ತಾರೆ, ಬಿಡು” ಅಂದರು. ನಾನೂ ಬಿಟ್ಟೆ.

ಒಂದು ದಿನ ಹತ್ತಿರದ ಶೋರ್‌ಲೈನ್ ಊರಿನಿಂದ ಒಬ್ಬ ಹೆಂಗಸು ಫೋನ್ ಮಾಡಿದರು. ಆ ಯುದ್ಧದಲ್ಲಿ ಪೈಲಟ್ ಆಗಿದ್ದ, ಈಗ ತೊಂಬತ್ತು ದಾಟಿದ ತಂದೆಗೆ ಹುಟ್ಟುಹಬ್ಬಕ್ಕೆ ನಮ್ಮ ಜಾಕೆಟ್ ಕೊಟ್ಟಿದ್ದರಂತೆ.

“ಪಕ್ಕದಲ್ಲಿ ಜೇಬೇ ಇರಲಿಲ್ಲ ಅಂತ ಅಪ್ಪ ಹಠ ಹಿಡಿದರು. ನಿಮ್ಮ ಪೇಜ್ ಓದಿ ಹೇಳಿದೆ. ಹಠ ಬಿಟ್ಟರು. ಈಗ ಏನು ಕೇಳಿದರೂ, ನನ್ನ ನೆನಪನ್ನ ನಂಬಬೇಡ ಅಂತಾರೆ.”

ಆ ಜಾಕೆಟ್ ತೊಟ್ಟು ಯುದ್ಧದಲ್ಲಿ ಹಾರಿದ್ದ ಮನುಷ್ಯನಿಗೆ, ಒಂದು ಸಾಲಿನ ಜಾಹೀರಾತಿನಿಂದ ನಾವು ಮರೆಗುಳಿಯ ಪಟ್ಟ ಕಟ್ಟಿದ್ದೆವು!

ಸ್ಪೀಕರ್‌ನಲ್ಲಿ ಕೇಳುತ್ತಿದ್ದ ರಘು ಸರ್ ಮ್ಯೂಟ್ ಒತ್ತಿದರು. “ವಾಪಸ್ ತಗೋತೀವಿ ಅನ್ನು, ಸಾಕು. ಜೇಬಿನ ವಿಷಯ ಎತ್ತಬೇಡ.”

“ಅವರ ಅಪ್ಪ ಹೇಳಿದ್ದು ಸರಿ ಅಲ್ವಾ ಸರ್?”

“ಸರಿನೇ. ಅದಕ್ಕೇ ಹೇಳ್ತಿರೋದು.”

ಮ್ಯೂಟ್ ತೆಗೆದು, ಜಾಕೆಟ್ಟನ್ನು ಖಂಡಿತ ವಾಪಸ್ ತಗೊಳ್ಳುತ್ತೇವೆ ಅಂದೆ. ಕಾನ್ವೆಂಟಿನಲ್ಲಿ ಕಲಿತ ವಿನಯ ಇಂಥ ಹೊತ್ತಿಗೇ ಸರಿಯಾಗಿ ಒದಗುತ್ತದೆ.

“ಅದಕ್ಕಲ್ಲ ನಾನು ಫೋನ್ ಮಾಡಿದ್ದು,” ಅಂದರು ಆಕೆ. “ಅಪ್ಪ ಹೇಳಿದ್ದು ಸರಿಯಾಗಿದ್ದರೆ, ಹಾಗಂತ ಒಂದೇ ಸಾಲು ಬರೆದು ಕಳಿಸ್ತೀರಾ? ಅವರಿಗೆ ಓದಿ ಹೇಳ್ತೀನಿ.”